ಎರಡು ಗೆಣ್ಣುಗಳ ನಡುವಿನ ಅಂತರ

ಸಸ್ಯಶಾಸ್ತ್ರದ ಪ್ರಾಧ್ಯಾಪಕರನ್ನು ಅವರು ಗುರುತಿಸಿದ ಹೊಸ ಪ್ರಭೇದಗಳಿಂದಲೋ, ಬರೆದ ಪಠ್ಯಪುಸ್ತಕಗಳಿಂದಲೋ ಅಳೆಯುವುದು ವಾಡಿಕೆ. ಡಾ. ಎಸ್. ಅಲಮೇಲು ಅವರನ್ನು ಹಾಗೆ ಅಳೆಯಲು ಹೊರಟವರಿಗೆ ಹೆಚ್ಚೇನೂ ಸಿಗುವುದಿಲ್ಲ. ಅವರ ಹೆಸರು ಹೊತ್ತ ಹುಲ್ಲುಕಡ್ಡಿ ಕೂಡ ಇಲ್ಲ. ಪಠ್ಯಪುಸ್ತಕ ಬರೆಯಿರೆಂದು ಪ್ರಕಾಶಕರು ಬಂದಾಗಲೆಲ್ಲ, ಇರುವುದನ್ನು ಮೊದಲು ಓದಿಸೋಣ ಎಂದು ಕಳುಹಿಸಿಬಿಟ್ಟವರು ಅವರು. ಮೂವತ್ತನಾಲ್ಕು ವರ್ಷ ನಮ್ಮ ಕಾಲೇಜಿನಲ್ಲಿ ಪಾಠ ಹೇಳಿ, 2008ರ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರು ತಮ್ಮ ಕುತೂಹಲವನ್ನೆಲ್ಲ ಒಂದೇ ಪ್ರಶ್ನೆಗೆ ಮೀಸಲಿಟ್ಟವರು. ಮನೆಯೊಳಗೆ ಇಟ್ಟ ಗಿಡ ಏಕೆ ಉದ್ದಕ್ಕೆ ಎಳೆದುಕೊಳ್ಳುತ್ತದೆ? ಅದನ್ನು ಬೆಳಕಿನಿಂದಲೂ ಗೊಬ್ಬರದಿಂದಲೂ ಹಿಡಿತದಲ್ಲಿಡುವುದು ಹೇಗೆ?

ಉದ್ಯಾನಗಳ ಊರು ಎನಿಸಿಕೊಂಡ ಮೈಸೂರಿನಲ್ಲಿ ಹೊರಗಿನ ಗಿಡದ ಬಗ್ಗೆ ಸಲಹೆ ಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಕಿಟಕಿಯಿಂದ ಈಚೆಗೆ, ಟ್ಯೂಬ್‌ಲೈಟಿನ ಕೆಳಗೆ, ಟೀವಿಯ ಪಕ್ಕದಲ್ಲಿ ಬದುಕಬೇಕಾದ ಗಿಡದ ಬಗ್ಗೆ ಕೇಳಬೇಕಿದ್ದರೆ ಮಾತ್ರ ಗೋಕುಲಂನ ಅವರ ಮನೆಯ ಗೇಟು ತೆರೆಯಬೇಕು. ನಾನು ಅವರ ವಿದ್ಯಾರ್ಥಿಯಾಗಿದ್ದು ಆಮೇಲೆ ಪತ್ರಿಕೆಗೆ ಸೇರಿದವನು. ಇಂಥ ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆ ಸುಲಭ, ವಿವರ ಕಷ್ಟ. ಅವರು ನಮಗೆ ಕಲಿಸಿದ್ದು ಎರಡನೆಯದನ್ನು. ಆದ್ದರಿಂದ ಕಣ್ಣಾರೆ ಕಂಡದ್ದನ್ನೂ, ಸಂಬಂಧಪಟ್ಟವರ ಬಾಯಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನೂ ಮಾತ್ರ ಇಲ್ಲಿ ಬರೆಯುತ್ತೇನೆ.

1991ರ ದಸರಾ ರಜೆಗೆ ಮೊದಲು ಅವರು ನಮ್ಮ ಅಂತಿಮ ಬಿ.ಎಸ್ಸಿ. ತರಗತಿಗೆ ಒಂದು ವಿಚಿತ್ರ ಕೆಲಸ ಕೊಟ್ಟರು. ಗೊಂಬೆ ಕೂರಿಸುವ ಮನೆಗಳಲ್ಲಿ ಗೊಂಬೆಗಳ ಮುಂದೆ ಪುಟ್ಟ ಪಾರ್ಕು ಮಾಡಲು ತಟ್ಟೆಯಲ್ಲಿ ರಾಗಿ ಬಿತ್ತುವುದು ನಮ್ಮೂರಿನ ಪದ್ಧತಿ. ಹಬ್ಬ ಮುಗಿಯುವ ಹೊತ್ತಿಗೆ ಆ ಪೈರು ಬಿಳಿಚಿಕೊಂಡು, ಉದ್ದವಾಗಿ, ಒಂದರ ಮೇಲೊಂದು ಒರಗಿಕೊಂಡಿರುತ್ತದೆ. ಆ ತಟ್ಟೆಯನ್ನು ಎಸೆಯಬೇಡಿ, ಕಾಲೇಜಿಗೆ ತನ್ನಿ ಎಂದರು. ಅದರ ಜೊತೆಗೆ, ಅದೇ ರಾಗಿಯನ್ನು ಅದೇ ದಿನ ಕಿಟಕಿಯ ಬಳಿ ಬಿತ್ತಿದ ಇನ್ನೊಂದು ತಟ್ಟೆಯನ್ನೂ ತರಬೇಕಿತ್ತು. ರಜೆ ಮುಗಿದ ದಿನ ಸಿಟಿ ಬಸ್ಸುಗಳಲ್ಲಿ ತಟ್ಟೆ ಹಿಡಿದು ನಿಂತ ನಮ್ಮನ್ನು ಕಂಡಕ್ಟರುಗಳು ಯಾವ ದೇವಸ್ಥಾನಕ್ಕೆ ಎಂದು ಕೇಳಿದರು.

ಪ್ರಯೋಗಾಲಯದಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟಾಗ ಮೊದಲು ಬಾಯಿ ತೆರೆದವಳು ಚಂದ್ರಮತಿ.

"ನಮ್ಮಜ್ಜಿ ಇದಕ್ಕೆ ದೃಷ್ಟಿ ತಾಗಿದೆ ಅಂತಾರೆ ಮೇಡಂ. ಪೈರು ಉದ್ದ ಬಂದಷ್ಟೂ ಮನೆಗೆ ಒಳ್ಳೇದು ಅಂತಾನೂ ಅಂತಾರೆ."

"ಎರಡೂ ಒಬ್ಬರೇ ಅಜ್ಜಿನಾ?"

"ಒಬ್ಬರೇ ಮೇಡಂ."

ನಗು ಅಡಗಿದ ಮೇಲೆ ನಾನು, ಹಾಗಾದರೆ ಕತ್ತಲೆಯಲ್ಲಿ ಗಿಡ ಬೇಗ ಬೆಳೆಯುತ್ತದೆ ಅಂತಾಯಿತು ಎಂದೆ. ಅವರು ನನ್ನ ಕಡೆ ತಿರುಗಿ, "ಬೆಳೆಯುತ್ತೆ ಅಂತ ಯಾರಪ್ಪ ಹೇಳಿದ್ದು? ಉದ್ದವಾಗಿದೆ ಅನ್ನು. ಬೆಳೆದಿದೆಯೋ ಇಲ್ಲವೋ ಅದನ್ನ ತಕ್ಕಡಿ ಹೇಳಲಿ" ಎಂದರು. ಎರಡೂ ತಟ್ಟೆಗಳಿಂದ ಒಂದೇ ಸಂಖ್ಯೆಯ ಸಸಿಗಳನ್ನು ಕಿತ್ತು, ಒಣಗಿಸಿ, ತೂಗಿದೆವು. ಉದ್ದನೆಯವು ಹಗುರವಾಗಿದ್ದವು. ಬೀಜದಲ್ಲಿದ್ದ ಬುತ್ತಿಯನ್ನೇ ಖರ್ಚು ಮಾಡಿ, ಎಲ್ಲಾದರೂ ಬೆಳಕು ಸಿಕ್ಕೀತೇ ಎಂದು ಸಸಿ ಕತ್ತು ಚಾಚುತ್ತದೆ. ಅದು ರೋಗವಲ್ಲ, ಹುಡುಕಾಟ ಎಂದು ಅವರು ವಿವರಿಸಿದರು. ಉದ್ದವಾಗುವುದು ಬೇರೆ, ಬೆಳೆಯುವುದು ಬೇರೆ ಎಂಬ ಆ ದಿನದ ಪಾಠವನ್ನು ನಮ್ಮ ತರಗತಿಯವರು ಯಾರೂ ಮರೆತಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ದಾಖಲಿಸಬೇಕು. ಚಂದ್ರಮತಿ ಆ ದಿನ ತಂದದ್ದು ಒಂದೇ ತಟ್ಟೆ. ಅವಳ ಮನೆಯವರು ಬಾಡಿಗೆಗಿದ್ದ ಮನೆಗೆ ಕಿಟಕಿಯೇ ಇರಲಿಲ್ಲ. ಅದನ್ನು ಎಲ್ಲರೆದುರು ಹೇಳಲು ಅವಳಿಗೆ ಇಷ್ಟವಿರಲಿಲ್ಲ. ಮೇಡಂ ಯಾವ ಪ್ರಶ್ನೆಯನ್ನೂ ಕೇಳದೆ ಆ ತಟ್ಟೆಯನ್ನು ಮೇಜಿನ ನಡುವೆ ಇಟ್ಟು, "ನಿಮ್ಮೆಲ್ಲರ ಮನೆಯ ನಡುಮನೆಯಲ್ಲಿ ಅಷ್ಟೋ ಇಷ್ಟೋ ಬೆಳಕಿದೆ. ನಿಜವಾದ ಹೋಲಿಕೆಗೆ ಬೇಕಾದ ಕತ್ತಲೆ ಸಿಕ್ಕಿರೋದು ಇದೊಂದರಲ್ಲೇ" ಎಂದರು. ಮರುವಾರದಿಂದ ಅಧ್ಯಾಪಕರ ಕೊಠಡಿಯ ಪೂರ್ವದ ಕಿಟಕಿ ಚಂದ್ರಮತಿಯ ಕುಂಡಗಳಿಗೆ ಸೇರಿತು. ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ಆಕೆ, ತಾನು ಈ ವಿಷಯವನ್ನೇ ಹಿಡಿದದ್ದು ಆ ಕಿಟಕಿಯಿಂದ ಎಂದು ನನಗೆ ಹೇಳಿದ್ದಾರೆ.

ಅಲಮೇಲು ಅವರ ಕೆಲಸ ಕಾಲೇಜಿನ ಗೋಡೆಯಾಚೆಗೆ ನಿಜವಾಗಿ ಪರೀಕ್ಷೆಗೆ ಒಳಗಾದದ್ದು 1998ರಲ್ಲಿ. ಆ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಮಹದೇವಪ್ರಸಾದ್ ಎಂಬ ಎಂಜಿನಿಯರು ಕಾರ್ಖಾನೆಯ ನೌಕರಿ ಬಿಟ್ಟು 1995ರಲ್ಲಿ ಒಂದು ಶೆಡ್ಡು ಹಾಕಿದ್ದರು. ಒಳಗೆ ಹಲಗೆ ಜೋಡಿಸಿದ ಕಬ್ಬಿಣದ ಅಂಕಣಗಳು, ಪ್ರತಿ ಅಂಕಣದ ಮೇಲೆ ಟ್ಯೂಬ್‌ಲೈಟುಗಳು, ಕೆಳಗೆ ಕುಂಡಗಳು. ಬೆಂಗಳೂರಿನ ಹೋಟೆಲು, ಕಚೇರಿಗಳಿಗೆ ಬೇಕಾದ ಅಲಂಕಾರದ ಗಿಡಗಳನ್ನು ಬಿಸಿಲಿನ ಹಂಗಿಲ್ಲದೆ ಬೆಳೆಸುವುದು ಅವರ ಯೋಜನೆ. ಕೆಲಸಕ್ಕಿದ್ದವರು ಬನ್ನಿಮಂಟಪದ ಕಡೆಯಿಂದ ಶಿಫ್ಟಿನ ಬಸ್ಸಿನಲ್ಲಿ ಬರುತ್ತಿದ್ದ ಹತ್ತು ಹನ್ನೆರಡು ಹೆಂಗಸರು. ಅವರ ಮುಂದಾಳು ಬಸಮ್ಮ. ಅಲ್ಲಿಗೆ ಬರುವ ಮುಂಚೆ ಅವರಲ್ಲಿ ಬಹುಪಾಲು ಮಂದಿ ಮನೆಯಲ್ಲಿ ನೆಲಕ್ಕೆ ಕೂತು ಅಗರಬತ್ತಿ ಹೊಸೆಯುತ್ತಿದ್ದವರು. ಬಸಮ್ಮನವರ ಮಾತಿನಲ್ಲೇ ಹೇಳುವುದಾದರೆ, "ಅಲ್ಲಿ ಬಗ್ಗಿದ ಸೊಂಟ ಇಲ್ಲಿ ನೆಟ್ಟಗಾಯ್ತು."

ಆದರೆ ಗಿಡಗಳು ನೆಟ್ಟಗಿರಲಿಲ್ಲ. 1997ರ ಮಳೆಗಾಲದಲ್ಲಿ ಒಂದು ಲೋಡು, 1998ರ ಯುಗಾದಿಯ ಹೊತ್ತಿಗೆ ಇನ್ನೊಂದು ಲೋಡು ಬೆಂಗಳೂರಿನಿಂದ ವಾಪಸು ಬಂದವು. ಕಾಂಡ ಸಣಕಲು, ಎಲೆಯಿಂದ ಎಲೆಗೆ ವಿಪರೀತ ದೂರ, ಲಾರಿ ಕುಲುಕಿದರೆ ಸಾಕು ಗಿಡ ಬಾಗಿಬಿಡುತ್ತದೆ ಎಂಬುದು ಕೊಳ್ಳುವವರ ದೂರು. ಮುಂದಿನ ಲೋಡು ದಸರಾಕ್ಕೆ ಮುಂಚೆ ಹೋಗಬೇಕಿತ್ತು. ಅದೂ ತಿರಸ್ಕಾರವಾದರೆ ಗಿಡ ಬೆಳೆಸುವ ಕೋಣೆಯನ್ನು ಮುಚ್ಚಿ, ಹೊರಗೆ ಬೆಳೆದ ಗಿಡ ತಂದು ಮಾರುವ ವ್ಯಾಪಾರ ಮಾತ್ರ ಇಟ್ಟುಕೊಳ್ಳುವುದೆಂದು ಮಹದೇವಪ್ರಸಾದ್ ತೀರ್ಮಾನಿಸಿದ್ದರು. ಅದನ್ನು ಮುಚ್ಚಿಡದೆ ಹೆಂಗಸರಿಗೂ ಹೇಳಿದ್ದರು. ಕೋಣೆ ಮುಚ್ಚಿದರೆ ಬಸಮ್ಮನವರೂ ಅವರ ಜೊತೆಯವರೂ ಮತ್ತೆ ಅಗರಬತ್ತಿಯ ಮಣೆಗೆ.

ಗಿಡವನ್ನು ಗಿಡ್ಡ ಮಾಡುವ ಔಷಧಿಯೊಂದನ್ನು ವ್ಯಾಪಾರಿಯೊಬ್ಬರು ಸೂಚಿಸಿದ್ದರು. ಅದರ ಪ್ರಮಾಣ ಕೇಳಲು ಮಹದೇವಪ್ರಸಾದ್ ಕಾಲೇಜಿಗೆ ಬಂದರು. ಮೇಡಂ ಪ್ರಮಾಣವನ್ನು ಹೇಳಿದರು. ಔಷಧಿ ಎಂದ ಕೂಡಲೇ ಮೂಗು ಮುರಿಯುವವರಲ್ಲ ಅವರು. ಆದರೆ, "ಇದನ್ನ ಹಾಕಿದರೆ ನಿಮ್ಮ ಶೆಡ್ಡಿನಲ್ಲಿ ಗಿಡ ಗಿಡ್ಡವಾಗಿರುತ್ತೆ. ಕೊಂಡವರ ಮನೇಲಿ ಅದರ ಬಲ ಇಳಿದ ಮೇಲೆ ಮತ್ತೆ ಎಳೆದುಕೊಳ್ಳುತ್ತೆ. ಕಾರಣ ಗೊತ್ತಾಗೋವರೆಗೆ ತಡೀರಿ" ಎಂದೂ ಹೇಳಿದರು. ಆ ದಿನಗಳಲ್ಲಿ ನಾನು ಪತ್ರಿಕೆಗಾಗಿ ಹೆಬ್ಬಾಳದ ಸಣ್ಣ ಕೈಗಾರಿಕೆಗಳ ಮೇಲೆ ಬರೆಯುತ್ತಿದ್ದೆ. ಹೀಗಾಗಿ ಅವರು ಶೆಡ್ಡಿಗೆ ಹೋದಾಗ ನಾನೂ ಜೊತೆಗಿದ್ದೆ.

ಮಹದೇವಪ್ರಸಾದ್ ಅವರ ವಾದ ಸರಳವಾಗಿತ್ತು. ಚಳಿಗಾಲದ ಲೋಡುಗಳು ಪ್ರತಿ ವರ್ಷ ಪಾಸಾಗುತ್ತವೆ, ಬೇಸಿಗೆ ಮಳೆಗಾಲದವು ಕೆಡುತ್ತವೆ. ಆದ್ದರಿಂದ ಇದು ಸೆಕೆಯ ದೋಷ. ಮೇಡಂ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಮಾರಾಟಕ್ಕಿಟ್ಟ ಗಿಡಗಳನ್ನು ಬಿಟ್ಟು, ಕೋಣೆಯಲ್ಲಿ ಯಾವಾಗಲೂ ಇರುವ ಗಿಡ ಯಾವುದಾದರೂ ಇದೆಯೇ ಎಂದು ಹುಡುಕಿದರು. ಸ್ವಿಚ್‌ಬೋರ್ಡಿನ ಕೆಳಗೆ, ಅಂಕಣದ ತುದಿಯ ಬೆಳಕಿನಲ್ಲಿ, ಒಂದು ಹಳೆಯ ಡೀಫನ್‌ಬೇಕಿಯ ಇತ್ತು. ಹಸಿರು ಬಿಳಿ ಚುಕ್ಕೆಯ ಅಗಲ ಎಲೆಗಳ ಈ ಗಿಡವನ್ನು ಎಷ್ಟೋ ಕಚೇರಿಗಳ ಬಾಗಿಲಲ್ಲಿ ಓದುಗರು ನೋಡಿರುತ್ತಾರೆ. ಇದಂತೂ ಆಳೆತ್ತರಕ್ಕೆ ಹೋಗಿ, ತುದಿಯಲ್ಲಷ್ಟೇ ಎಲೆ ಉಳಿಸಿಕೊಂಡು, ಒಂದು ಕೋಲಿಗೆ ಕಟ್ಟಿಸಿಕೊಂಡು ನಿಂತಿತ್ತು. ಕುಂಡಕ್ಕೆ ಕುಂಕುಮ ಹಚ್ಚಿತ್ತು. ಮೇಡಂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಹೆಬ್ಬೆರಳು ಸವರತೊಡಗಿದರು.

"ಅದನ್ಯಾಕೆ ಸವರ್ತೀರಿ ಮೇಡಮ್ಮಾರೇ, ಅದು ಮಾರಾಟಕ್ಕೆ ಬರಾಕಿಲ್ಲ" ಎಂದರು ಬಸಮ್ಮ.

"ಎಷ್ಟು ವರ್ಷದಿಂದ ಇಲ್ಲಿದೆ ಇದು?"

"ಸೆಡ್ಡು ಸುರುವಾದಾಗಿಂದ್ಲೂ ಐತೆ. ಬೋರ್ಡಿಗೆ ಪೂಜೆ ಮಾಡುವಾಗ ಇದ್ಕೂ ಒಂದ್ ಊವ ಇಕ್ತೀವಿ. ಅದಕ್ಕೇ ಯಾರೂ ಎಸ್ದಿಲ್ಲ."

ಕಬ್ಬಿಗೆ ಗೆಣ್ಣು ಇರುವಂತೆ ಈ ಗಿಡದ ಕಾಂಡಕ್ಕೂ ಇದೆ. ಎಲೆ ಉದುರಿದ ಜಾಗದಲ್ಲಿ ಒಂದು ಉಂಗುರ ಉಳಿಯುತ್ತದೆ. ಎರಡು ಗೆಣ್ಣುಗಳ ನಡುವಿನ ಅಂತರವೆಂದರೆ, ಆ ದಿನಗಳಲ್ಲಿ ಗಿಡ ಎಷ್ಟು ಕತ್ತು ಚಾಚಿತ್ತು ಎಂಬುದರ ಅಳತೆ. ಮೇಡಂ ನಮಗೆ ಅದನ್ನು ತೋರಿಸಿದರು. ಒಂದಷ್ಟು ಉಂಗುರಗಳು ಒತ್ತೊತ್ತಾಗಿದ್ದವು. ಮೇಲೆ ಹೋದಂತೆ ಅಂತರ ಮೆಲ್ಲಮೆಲ್ಲನೆ ಅಗಲವಾಗುತ್ತ ಹೋಗುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಒತ್ತೊತ್ತು. ಬುಡದಿಂದ ತುದಿಯವರೆಗೆ ಹೀಗೆ ಮೂರು ಸಲ.

"ಪ್ರಸಾದ್ ಅವರೇ, ಸೆಕೆ ನಿಧಾನವಾಗಿ ಏರುತ್ತೆ, ನಿಧಾನವಾಗಿ ಇಳಿಯುತ್ತೆ. ಇದು ನಿಧಾನವಾಗಿ ಕೆಟ್ಟು ಒಂದೇ ಏಟಿಗೆ ಸರಿಹೋಗಿದೆ. ಇಂಥದ್ದನ್ನ ಹವೆ ಮಾಡೋದಿಲ್ಲ, ಮನುಷ್ಯರು ಮಾಡ್ತಾರೆ. ವರ್ಷಕ್ಕೊಂದು ಸಲ ಇಲ್ಲಿ ಏನು ಮಾಡ್ತೀರಿ?"

ಬಸಮ್ಮ, "ವರ್ಸಕ್ಕೊಂದ್ಸಲ ಮಾಡೋದು ಆಯುಧ ಪೂಜೆ ಒಂದೇ ಕಣಮ್ಮ" ಎಂದರು.

ಆಯುಧ ಪೂಜೆಯ ವಿವರವನ್ನು ಮೇಡಂ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಟ್ಯೂಬುಗಳನ್ನೆಲ್ಲ ಇಳಿಸಿ, ಸೋಪಿನ ನೀರಿನಲ್ಲಿ ಒರೆಸಿ, ಪ್ರತಿಯೊಂದಕ್ಕೂ ಮೂರೆಳೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ಗೊಬ್ಬರದ ನೀರಿನ ತೊಟ್ಟಿಯನ್ನು ತೊಳೆದು, ಬರಿದು ಮಾಡಿ, ಮಾವಿನ ಸೊಪ್ಪು, ಚೆಂಡುಹೂವು ಕಟ್ಟುತ್ತಿದ್ದರು. ದಸರಾ ರಜೆ ಮುಗಿಯುವವರೆಗೆ ಪೂಜೆಯಾದ ಯಾವುದನ್ನೂ ಮುಟ್ಟುವಂತಿಲ್ಲ. ಹತ್ತಿರದಲ್ಲೇ ಮನೆಯಿದ್ದ ಚಿಕ್ಕಮಾದಮ್ಮ ಎಂಬ ಕೆಲಸದಾಕೆ ಬಂದು ಗಿಡಗಳಿಗೆ ಬರೀ ನೀರು ಹನಿಸಿ ಹೋಗುತ್ತಿದ್ದರು. ಮುಖ್ಯವಾದ ಸಂಗತಿ ಇನ್ನೊಂದಿತ್ತು. ಪೂಜೆಯ ಗುರುತನ್ನು ತಾವಾಗಿ ಒರೆಸಿದರೆ ಕೆಡುಕು ಎಂಬ ನಂಬಿಕೆಯಿಂದ, ಟ್ಯೂಬುಗಳನ್ನು ಮುಂದಿನ ಆಯುಧ ಪೂಜೆಯವರೆಗೆ ಯಾರೂ ಬಟ್ಟೆಯಲ್ಲಿ ಮುಟ್ಟುತ್ತಿರಲಿಲ್ಲ. ತಲೆಯೆತ್ತಿ ನೋಡಿದೆವು. ಹೆಬ್ಬಾಳದ ಧೂಳು, ದಿನಾ ಬೆಳಗ್ಗೆ ಬೋರ್ಡಿಗೆ ಹಚ್ಚುವ ಊದುಬತ್ತಿಯ ಹೊಗೆ, ಅದರ ನಡುವೆ ಮಾಸಿದ ವಿಭೂತಿ. ಟ್ಯೂಬುಗಳು ಉರಿಯುತ್ತಿದ್ದವು, ಆದ್ದರಿಂದ ಬೆಳಕಿದೆ ಎಂದು ಎಲ್ಲರೂ ತಿಳಿದಿದ್ದರು.

ಮರುಸಲ ಹೋಗುವಾಗ ನಮ್ಮ ಪತ್ರಿಕೆಯ ಛಾಯಾಗ್ರಾಹಕರ ಬಳಿಯಿದ್ದ ಬೆಳಕು ಅಳೆಯುವ ಮೀಟರನ್ನು ಎರವಲು ತಂದೆವು. ಅದನ್ನು ಕೈಯಲ್ಲಿ ಹಿಡಿದು ಮೇಡಂ ಎಚ್ಚರಿಸಿದರು: "ಇದು ಮನುಷ್ಯನ ಕಣ್ಣಿಗೆ ಮಾಡಿದ್ದು, ಎಲೆಗಲ್ಲ. ಎಲೆಗೆ ಎಷ್ಟು ಬೆಳಕು ಅಂತ ಇದು ಹೇಳೋದಿಲ್ಲ. ಒಂದೇ ಟ್ಯೂಬಿನ ನಿನ್ನೆ ಇವತ್ತು ಹೋಲಿಸೋದಕ್ಕೆ ಸಾಕು." ಒಂದು ಟ್ಯೂಬನ್ನು ಒರೆಸುವ ಮೊದಲು ಅಳೆದು, ಒರೆಸಿದ ಮೇಲೆ ಅಳೆದರೆ, ಹೆಚ್ಚುಕಡಿಮೆ ಒಂದೂವರೆ ಪಟ್ಟು.

ಇನ್ನುಳಿದವನ್ನು ಒರೆಸಲು ಮಾತ್ರ ಯಾರೂ ಮುಂದಾಗಲಿಲ್ಲ. ಮಹದೇವಪ್ರಸಾದ್ ಗದರಲು ಹೊರಟರು. ಮೇಡಂ ಅವರನ್ನು ತಡೆದು, ಬಸಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ಬನ್ನಿಮಂಟಪದ ಲಾರಿಯವರು ವರ್ಷಕ್ಕೊಂದೇ ಸಲ ಲಾರಿ ತೊಳೀತಾರಾ?"

"ಇಲ್ಲ ಬುಡಿ. ಅಮಾಸೆ ಅಮಾಸೆಗೂ ತೊಳ್ದು, ಪೂಜೆ ಮಾಡಿ, ನಿಂಬೆಹಣ್ ಕಟ್ತಾರೆ."

"ಹಳೇ ಕುಂಕುಮ ಏನಾಗುತ್ತೆ?"

"ನೀರ್ನಾಗೆ ಓಯ್ತದೆ. ಒಸ್ದು ಇಕ್ತಾರಲ್ಲ."

"ಮತ್ತೆ ಟ್ಯೂಬ್‌ಲೈಟು ಲಾರಿಗಿಂತ ಕಮ್ಮಿಯೇನಮ್ಮ?"

ಬಸಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಅಂದಿನಿಂದ ಆ ಶೆಡ್ಡಿನಲ್ಲಿ ಪ್ರತಿ ಅಮಾವಾಸ್ಯೆಗೆ ಟ್ಯೂಬು ಒರೆಸುವುದು ಪದ್ಧತಿಯಾಯಿತು. ವಿಭೂತಿ, ಕುಂಕುಮ ಗಾಜಿನ ಬದಲು ಟ್ಯೂಬು ಕೂರಿಸಿದ ಕಬ್ಬಿಣದ ಪಟ್ಟಿಗೆ ಹೋದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಧೂಳಿನ ಪ್ರಸಂಗವಾಗಿ ಉಳಿಯುತ್ತಿತ್ತು. ಕೆಲವು ವಾರಗಳ ನಂತರ ನೋಡಿದರೆ ಹೊಸ ಗಿಡಗಳು ಮೊದಲಿಗಿಂತ ಉತ್ತಮವಾಗಿದ್ದವು, ಆದರೆ ಕೊಳ್ಳುವವರು ಒಪ್ಪುವಷ್ಟಲ್ಲ. ಕಾಂಡ ಇನ್ನೂ ಮೆತ್ತಗಿತ್ತು. ಮಹದೇವಪ್ರಸಾದ್ ಔಷಧಿಯ ಡಬ್ಬವನ್ನು ತಂದು ಮೇಜಿನ ಮೇಲೆ ಇಟ್ಟೇಬಿಟ್ಟರು. ಹೆಂಗಸರ ನಡುವೆ ಯಾರೋ, ಗುರುತು ಒರೆಸಿದ್ದಕ್ಕೇ ಹೀಗಾಯಿತು ಎಂದರಂತೆ. ಮೇಡಂ ಎಲ್ಲರೂ ಇದ್ದಾಗಲೇ, "ನಾನು ಹೇಳಿದ್ದು ಅರ್ಧ ಮಾತ್ರ ಸರಿ. ಬೆಳಕೊಂದೇ ಅಂದುಕೊಂಡೆ, ತಪ್ಪಾಯಿತು. ಪೂಜೆಯ ದಿನ ನೀವು ತೊಳೆದದ್ದು ಎರಡು ವಸ್ತು. ಒಂದನ್ನ ನೋಡಿ ಇನ್ನೊಂದನ್ನ ಬಿಟ್ಟೆ" ಎಂದರು. ತಮ್ಮ ಊಹೆ ತಪ್ಪಿದಾಗ ಅವರ ಮುಖದಲ್ಲಿ ಬೇಸರಕ್ಕಿಂತ ಹುರುಪೇ ಹೆಚ್ಚು ಕಾಣುವುದನ್ನು ತರಗತಿಯಲ್ಲಿ ನೋಡಿದ್ದೆವು. ಅದನ್ನೇ ಅಲ್ಲಿಯೂ ನೋಡಿದೆ.

ಎರಡನೆಯ ವಸ್ತು ಗೊಬ್ಬರದ ತೊಟ್ಟಿ. ದಿನಾ ಎಷ್ಟು ಗೊಬ್ಬರ ಕಲಸುತ್ತೀರಿ ಎಂದು ಕೇಳಿದಾಗ ಮಹದೇವಪ್ರಸಾದ್ ಒಂದು ಅಳತೆ ಹೇಳಿದರು. ಬಸಮ್ಮ ಬೇರೆ ಕಡೆ ಮುಖ ತಿರುಗಿಸಿದರು. ಮೇಡಂ ಬಸಮ್ಮನವರನ್ನೇ ನೋಡುತ್ತಿದ್ದರು.

"ಮೇಲೊಂದ್ ಇಡಿ ಆಕ್ತೀನಿ" ಎಂದು ಬಸಮ್ಮ ಒಪ್ಪಿಕೊಂಡರು. "ಗಿಡ ಬಿಳಿಚ್ಕೊಂಡಷ್ಟೂ ಇನ್ನೊಂದ್ ಇಡಿ. ಸೊರಗಿದ ಮಗೀಗೆ ಒಂದ್ ತುತ್ತು ಜಾಸ್ತಿ ಇಕ್ದೆ ಇರಾಕಾಯ್ತದಾ ಮೇಡಮ್ಮಾರೇ?"

ಅದೇ ಇನ್ನರ್ಧ. ಹಬ್ಬಕ್ಕೆ ತೊಟ್ಟಿ ಬರಿದಾಗುತ್ತಿತ್ತು, ಗಿಡಕ್ಕೆ ಬರೀ ನೀರು ಸಿಗುತ್ತಿತ್ತು, ಆಮೇಲೆ ಹೇಳಿದ ಅಳತೆಯಿಂದ ಹೊಸ ಲೆಕ್ಕ ಶುರುವಾಗುತ್ತಿತ್ತು. ಟ್ಯೂಬುಗಳ ಮೇಲೆ ಧೂಳು ಏರಿದಂತೆ ಗಿಡ ಸೊರಗುತ್ತಿತ್ತು. ಸೊರಗಿದಂತೆ ತುತ್ತು ಹೆಚ್ಚುತ್ತಿತ್ತು. ಮೇಡಂ ಅದನ್ನು ಹೆಂಗಸರಿಗೆ ಅಡುಗೆಮನೆಯ ಮಾತಿನಲ್ಲಿ ಹೇಳಿದರು: ಗೊಬ್ಬರ ಅಕ್ಕಿಯಿದ್ದಂತೆ, ಬೆಳಕು ಉರಿಯಿದ್ದಂತೆ, ಉರಿ ಸಾಲದಿರುವಾಗ ಪಾತ್ರೆಗೆ ಅಕ್ಕಿ ಸುರಿಯುತ್ತ ಹೋದರೆ ಅನ್ನವಾಗುವುದಿಲ್ಲ. ಬೆಳಕಿಗೆ ಮೀರಿದ ಸಾರಜನಕ ಸಿಕ್ಕ ಗಿಡ ಗಟ್ಟಿ ಕಾಂಡ ಕಟ್ಟುವುದಿಲ್ಲ; ನೀರು ತುಂಬಿದ ಮೆತ್ತನೆಯ ಕಾಂಡವನ್ನು ಉದ್ದಕ್ಕೆ ಬಿಡುತ್ತದೆ.

ಇಷ್ಟನ್ನು ಹೇಳಿದರೂ, ಈ ಸಲ ಯಾರೂ ನನ್ನ ಮಾತು ನಂಬಬೇಡಿ ಎಂದರು. ನಾಲ್ಕು ಅಂಕಣಗಳನ್ನು ಬೇರೆ ಮಾಡಿಸಿದರು. ಎರಡರ ಟ್ಯೂಬು ಒರೆಸಿದ್ದು, ಎರಡರದು ಹೋಲಿಕೆಗೆಂದು ಮೊದಲೇ ಒರೆಸದೆ ಉಳಿಸಿಕೊಂಡಿದ್ದ ಹಳೆಯ ಧೂಳಿನದೇ. ಪ್ರತಿ ಜೊತೆಯಲ್ಲಿ ಒಂದಕ್ಕೆ 'ಬಸಮ್ಮನ ಕೈಯಳತೆ'ಯ ಗೊಬ್ಬರ, ಇನ್ನೊಂದಕ್ಕೆ ಹೇಳಿದ ಅಳತೆಯ ಅರ್ಧ. ಒಂದೇ ತಾಯಿಗಿಡದ ತುಂಡುಗಳು, ಒಂದೇ ಮಣ್ಣು, ಒಂದೇ ಹೊತ್ತಿಗೆ ನೀರು. ಅರ್ಧ ಗೊಬ್ಬರವೆಂದಾಗ ಬಸಮ್ಮ ಸಿಡಿದರು.

"ಉಪಾಸ ಕೆಡವ್ತೀರಾ ಅವನ್ನ?"

"ನಮ್ಮ ಮನೇಲಿ ಏಕಾದಶಿ ಉಪವಾಸ ಮಾಡಿ ಯಾರೂ ಸತ್ತಿಲ್ಲ ಬಸಮ್ಮ."

"ನಿಮ್ಮ ಉಪಾಸ ನಂಗೊತ್ತಿಲ್ವಾ ಬುಡಿ. ಉಪ್ಪಿಟ್ಟು ತಿನ್ನೋ ಉಪಾಸ!"

ಮೇಡಂ ನಕ್ಕು, ಆ ಎರಡು ಅಂಕಣಗಳ ಮೇಲೆ ಸೀಮೆಸುಣ್ಣದಿಂದ 'ಏಕಾದಶಿ' ಎಂದು ತಾವೇ ಬರೆದರು. ಅವರ ಸಂಶೋಧನಾ ಪ್ರಬಂಧದಲ್ಲಿ ಬೇರೆ ಹೆಸರಿದೆ. ಶೆಡ್ಡಿನಲ್ಲಿ ಇಂದಿಗೂ ಆ ಅಳತೆಗೆ ಏಕಾದಶಿ ಎಂದೇ ಹೆಸರು.

ಫಲಿತಾಂಶಕ್ಕೆ ಮೀಟರು ಬೇಕಾಗಲಿಲ್ಲ. ಧೂಳಿನ ಬೆಳಕು, ಕೈಯಳತೆಯ ಗೊಬ್ಬರ ಸಿಕ್ಕ ಗಿಡಗಳು ಎಲ್ಲಕ್ಕಿಂತ ಉದ್ದವಾಗಿ ಬಾಗಿದ್ದವು. ಧೂಳಿನ ಬೆಳಕು, ಅರ್ಧ ಗೊಬ್ಬರದವು ಗಿಡ್ಡವಾಗಿದ್ದವು, ಆದರೆ ಬಿಳಿಚಿಕೊಂಡಿದ್ದವು. ಬರೀ ಉಪವಾಸದಿಂದ ಆಗುವುದು ಅಷ್ಟೇ ಎಂದು ಮೇಡಂ ಆ ಕುಂಡಗಳನ್ನು ಎತ್ತಿ ತೋರಿಸಿದರು. ಒಳ್ಳೆಯ ಬೆಳಕು, ಕೈಯಳತೆಯ ಗೊಬ್ಬರದವು ಹಸಿರಾಗಿದ್ದೂ ಮೆತ್ತಗಿದ್ದವು. ಒಳ್ಳೆಯ ಬೆಳಕು, ಏಕಾದಶಿ ಅಳತೆಯವು ಒತ್ತು ಗೆಣ್ಣಿನ, ದಪ್ಪ ಕಾಂಡದ, ಕುಂಡ ಹಿಡಿದು ಅಲುಗಿಸಿದರೂ ಜಗ್ಗದ ಗಿಡಗಳು. ಬಸಮ್ಮ ನಾಲ್ಕೂ ಅಂಕಣಗಳ ಮುಂದೆ ಎರಡು ಸಲ ಓಡಾಡಿ, ಗೊಬ್ಬರದ ಡಬ್ಬದ ಮುಚ್ಚಳ ಬಿಗಿದು ಮೇಲಿನ ಗೂಡಿನಲ್ಲಿಟ್ಟರು. ಔಷಧಿಯ ಡಬ್ಬವನ್ನು ಮಹದೇವಪ್ರಸಾದ್ ವ್ಯಾಪಾರಿಗೆ ಹಿಂದಿರುಗಿಸಿದರು. ಕುಂಡಗಳನ್ನು ಎಲೆಗೆ ಎಲೆ ತಾಗದಂತೆ ದೂರವಿಟ್ಟು, ಅಂಕಣದ ಹಲಗೆಗಳನ್ನು ಟ್ಯೂಬಿನ ಹತ್ತಿರಕ್ಕೆ ಏರಿಸಿದ ಮೇಲೆ ಇಡೀ ಕೋಣೆ ಆ ಅಳತೆಗೆ ಬಂತು.

ಸೆಪ್ಟೆಂಬರಿನಲ್ಲಿ, ದಸರಾ ದೀಪಗಳನ್ನು ಕಟ್ಟುತ್ತಿದ್ದ ವಾರ, ಕೊಳ್ಳುವವರ ಕಡೆಯವರೊಬ್ಬರು ಈ ಸಲ ಬೆಂಗಳೂರಿನಲ್ಲಿ ಕಾಯದೆ ತಾವೇ ಬಂದರು. ವಾಪಸು ಕಳಿಸುವ ಲಾರಿಯ ಖರ್ಚು ಉಳಿಯಲಿ ಎಂದು ಬಂದದ್ದಾಗಿ ಅವರೇ ಹೇಳಿದರು. ಹೆಂಗಸರು ಸಾಲಾಗಿ ಗೋಡೆಗೆ ಒರಗಿ ನಿಂತಿದ್ದರು. ಯಾರೂ ಕೆಲಸ ಮಾಡುತ್ತಿರಲಿಲ್ಲ. ಆತ ಒಂದು ಕುಂಡ ಎತ್ತಿ ಅಲುಗಿಸಿದರು, ಇನ್ನೊಂದನ್ನು ಅಲುಗಿಸಿದರು, ಹಿಂದಿನ ಸಾಲಿನಿಂದ ತಾವೇ ಒಂದನ್ನು ಎಳೆದು ನೋಡಿದರು.

"ಇವು ಇದೇ ಶೆಡ್ಡಿನ ಗಿಡಾನಾ?"

"ಅಲ್ಲ ಸ್ವಾಮಿ," ಎಂದರು ಬಸಮ್ಮ, "ಅರಮನೆಯಿಂದ ಎರ್ವಲು ತಂದಿದ್ದೀವಿ. ನೋಡಾದ್ಮೇಲೆ ವಾಪ್ಸು ಕೊಡ್ಬೇಕು."

ಆತ ನಕ್ಕ ಮೇಲೆ ಗೋಡೆಗೆ ಒರಗಿದ್ದವರೂ ನಕ್ಕರು. ಲೋಡು ಹೋಯಿತು, ವಾಪಸು ಬರಲಿಲ್ಲ. ಕೋಣೆ ಮುಚ್ಚಲಿಲ್ಲ. ಹತ್ತು ವರ್ಷದ ನಂತರ ಈಗಲೂ ಅದು ನಡೆಯುತ್ತಿದೆ. ಬಸಮ್ಮ ಅದರ ಮೇಲ್ವಿಚಾರಕಿ. ಈ ಪ್ರಯೋಗದ ಮೇಲೆ ಮೇಡಂ ಬರೆದ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಸಾಲುಗಳಿವೆ. ಅಲ್ಲಿ ಮಹದೇವಪ್ರಸಾದ್ ಅವರ ಹೆಸರಿನ ಜೊತೆಗೆ ಬೆಳೆಸುವ ಕೋಣೆಯ ಪ್ರತಿಯೊಬ್ಬ ಹೆಂಗಸಿನ ಹೆಸರೂ ಇದೆ. ಸಂಪಾದಕರು ಪಟ್ಟಿ ಉದ್ದವಾಯಿತೆಂದು ಮೊಟಕು ಮಾಡಲು ಕೇಳಿದಾಗ, ಹಾಗಾದರೆ ಪ್ರಬಂಧವನ್ನೇ ಮೊಟಕು ಮಾಡಿ ಎಂದು ಅವರು ಬರೆದು ಕಳುಹಿಸಿದರೆಂದು ವಿಭಾಗದ ಸಹೋದ್ಯೋಗಿಗಳು ಹೇಳುತ್ತಾರೆ.

ಎರಡು ಸಾವಿರದ ಇಸವಿಯ ಈಚೆಗೆ ಹೆಬ್ಬಾಳದ ಸುತ್ತ ಗಾಜಿನ ಕಟ್ಟಡಗಳು ಎದ್ದವು. ಅವುಗಳ ಪ್ರವೇಶದ ಹಜಾರಗಳಲ್ಲಿ ಕುಂಡಗಳು ಬಂದವು, ಕುಂಡಗಳಲ್ಲಿ ಗಿಡಗಳು ಮತ್ತೆ ಕತ್ತು ಚಾಚತೊಡಗಿದವು. ಒಂದು ಕಚೇರಿಯವರು ಗಿಡಕ್ಕೆ ಬೆಳಕು ಸಾಲದೆಂದು ಹಳದಿ ಬುರುಡೆ ಬಲ್ಬುಗಳನ್ನು ತೂಗುಹಾಕಿದ್ದರು. ಗಿಡಗಳು ಇನ್ನಷ್ಟು ಉದ್ದವಾದವು. ಆ ಬಲ್ಬಿನಲ್ಲಿ ಕೆಂಪಿನಾಚೆಯ ಬೆಳಕು ಹೆಚ್ಚು, ಮರದ ಎಲೆಗಳು ಸೋಸಿ ಕೆಳಕ್ಕೆ ಬಿಡುವುದೂ ಅದನ್ನೇ, ಅದು ಬಿದ್ದಾಗ ಗಿಡ ತಾನು ಮರದ ನೆರಳಿನಲ್ಲಿದ್ದೇನೆ ಎಂದೇ ತಿಳಿಯುತ್ತದೆ, ನೀಲಿಯ ಅಂಶವಿರುವ ಬಿಳಿ ಟ್ಯೂಬು ಹಾಕಿ ಎಂದು ಮೇಡಂ ಸಲಹೆ ಕೊಟ್ಟರು. ನಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಓದುಗರ ಪ್ರಶ್ನೆಗಳಿಗೆ ಅವರು ನಾಲ್ಕು ವರ್ಷ ಉತ್ತರಿಸಿದರು. ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂದು ಅಚ್ಚಿಗೆ ಕೊಟ್ಟ ಅಂಕಣಕಾರರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಆಮೇಲೆ ನೋಡಿ ಹೇಳುತ್ತಲೂ ಇದ್ದರು. ತಮ್ಮ ಮನೆಯ ಮೇಲ್ಮಹಡಿಯಲ್ಲಿದ್ದ, ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಬಾಡಿಗೆದಾರರ ತುಳಸಿ ಗಿಡವೊಂದು ಕಿಟಕಿಯ ಕಡೆಗೆ ಪೂರ್ತಿ ಬಾಗಿದ್ದನ್ನು ನೋಡಿ, ನಿಮಗಿಂತ ಇದಕ್ಕೇ ಆಸನ ಚೆನ್ನಾಗಿ ಬಂದಿದೆ ಎಂದು ಹೇಳಿ, ಕುಂಡವನ್ನು ದಿನಾ ಕಾಲು ಸುತ್ತು ತಿರುಗಿಸುವುದನ್ನು ಕಲಿಸಿದರಂತೆ.

ಈ ಲೇಖನಕ್ಕೆ ವಿವರ ಕೇಳಲು ಕಳೆದ ತಿಂಗಳು ಗೋಕುಲಂನ ಅವರ ಮನೆಗೆ ಹೋಗಿದ್ದೆ. ನಾನಿದ್ದಾಗಲೇ ಗೇಟಿನ ಬಳಿ ಒಂದು ಆಟೋ ನಿಂತಿತು. ಬಸಮ್ಮ ಎರಡೂ ಕೈಯಲ್ಲಿ ಒಂದು ಕುಂಡ ತಬ್ಬಿಕೊಂಡು ಇಳಿದರು. ಸ್ವಿಚ್‌ಬೋರ್ಡಿನ ಕೆಳಗಿನ ಅದೇ ಡೀಫನ್‌ಬೇಕಿಯ. ಬುಡ ಹಳತಾಯಿತೆಂದು ಮೇಲಿನ ಉದ್ದದ ತುಂಡನ್ನು ಕತ್ತರಿಸಿ, ಬೇರು ಬರಿಸಿ ತಂದಿದ್ದರು.

"ರಿಟೈರಾಯ್ತೀರಂತೆ, ಸುಮ್ನೆ ಕೂತ್ಕೋಬೇಡಿ ಅಂತ ತಂದೆ" ಎಂದು ಕುಂಡವನ್ನು ಜಗಲಿಯ ಮೇಲಿಟ್ಟರು.

ಮೇಡಂ ಕನ್ನಡಕ ಹಾಕಿಕೊಂಡು ಕುಂಡದ ಮುಂದೆ ಕುಳಿತರು. ಹೆಬ್ಬೆರಳು ಬುಡದಿಂದ ಮೇಲಕ್ಕೆ ಹೋಯಿತು. ಉಂಗುರಗಳು ಒಂದೇ ಸಮನಾಗಿ, ಒತ್ತೊತ್ತಾಗಿ ಸಾಗಿದ್ದವು. ವರ್ಷಕ್ಕೊಮ್ಮೆ ಅಗಲವಾಗಿ ವರ್ಷಕ್ಕೊಮ್ಮೆ ಸರಿಹೋಗುವ ಹಳೆಯ ಆಟ ಎಲ್ಲಿಯೂ ಇರಲಿಲ್ಲ. ಅರ್ಧಕ್ಕಿಂತ ಮೇಲೆ ಒಂದು ಕಡೆ ಬೆರಳು ನಿಂತಿತು. ಅಲ್ಲಿ ಎರಡು ಮೂರು ಗೆಣ್ಣುಗಳ ನಡುವೆ ಅಂತರ ಅಗಲವಾಗಿತ್ತು. ಅದರ ಮೇಲೆ ಮತ್ತೆ ಒತ್ತು.

"ಬಸಮ್ಮ, ಇಲ್ಲೇನಾಯ್ತು?"

ಬಸಮ್ಮ ಬಗ್ಗಿ ನೋಡಿದರು. ತುದಿಯಿಂದ ಕೆಳಕ್ಕೆ ಹಬ್ಬಗಳ ಹೆಸರು ಹೇಳಿಕೊಂಡು ಬಂದು, ಅಲ್ಲಿಗೆ ತಲುಪಿದಾಗ ಬಾಯಿಗೆ ಸೆರಗು ಹಿಡಿದರು.

"ಅಯ್ಯೋ ಸಿವನೇ! ಅದು ನಮ್ಮ ಲಾಸ್ಯನ ಮದ್ವೆ ಕಣಮ್ಮ. ಎರಡು ಅಮಾಸೆ ನಾನು ರಜ ಆಕಿದ್ದೆ. 'ಒರ್ಸಿದ್ದೀವಿ ಅಕ್ಕ, ಒಂದೂ ಬುಟ್ಟಿಲ್ಲ' ಅಂತ ಆಣೆ ಇಟ್ಟಿದ್ರು ಆ ಚಿಕ್ಕಮಾದಮ್ಮ! ಇರ್ಲಿ, ನಾಳೆ ಬೆಳಗ್ಗೆ ಓಗಿ ಕೇಳ್ತೀನಿ."

"ಕೇಳಬೇಡಿ ಬಿಡಿ," ಎಂದರು ಮೇಡಂ, ಬೆರಳು ಅಲ್ಲೇ ಇಟ್ಟುಕೊಂಡು. "ಮಗಳ ಮದುವೆಗೆ ಗಿಡವೂ ಸ್ವಲ್ಪ ಕತ್ತು ಚಾಚಿ ನೋಡಿದೆ. ತಪ್ಪೇನು?"

ಕುಂಡ ಈಗ ಅವರ ಮನೆಯ ಪೂರ್ವದ ಕಿಟಕಿಯಲ್ಲಿದೆ. ನಾನು ಹೊರಡುವ ಹೊತ್ತಿಗೆ ಅವರು ಅದರ ಗಾಜನ್ನು ಒರೆಸುತ್ತಿದ್ದರು. ನಿವೃತ್ತಿಯ ನಂತರ ಏನು ಮಾಡುತ್ತೀರಿ ಎಂಬ ನನ್ನ ಪ್ರಶ್ನೆಗೆ, ಈ ಗಿಡ ಟ್ಯೂಬು ಬಿಟ್ಟು ಬಿಸಿಲಿಗೆ ಬಂದಿದೆ, ಮುಂದಿನ ಗೆಣ್ಣು ಎಷ್ಟು ಹತ್ತಿರ ಬರುತ್ತೆ ನೋಡಬೇಕು ಎಂದಷ್ಟೇ ಹೇಳಿದರು.

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಕೋರುವುದು ಸಂಪ್ರದಾಯ. ಕೋರಲು ಸ್ವಲ್ಪ ಅಂಜಿಕೆಯಾಗುತ್ತದೆ. ಉದ್ದವಾಗುವುದು ಬೇರೆ ಬೆಳೆಯುವುದು ಬೇರೆ ಎಂದು ಅವರು ಈ ಪುಟದ ಅಂಚಿನಲ್ಲೇ ಬರೆದಾರು. ಆದ್ದರಿಂದ ನಮ್ಮ ಅಲಮೇಲು ಮೇಡಂ ಅವರಿಗೆ ಎರಡನ್ನೂ ಕೋರುತ್ತೇನೆ: ನೂರು ವರ್ಷದ ಎತ್ತರ, ಮತ್ತು ಬುಡದಿಂದ ತುದಿಯವರೆಗೆ ಈವರೆಗಿನಂತೆಯೇ ಒತ್ತೊತ್ತಾದ ಗೆಣ್ಣುಗಳು. ನಡುವೆ ಎಲ್ಲಾದರೂ ಅಂತರ ಅಗಲವಾದರೆ, ಅದು ಯಾರದಾದರೂ ಮದುವೆಗೆ ಹೋಗಿ ಬಂದದ್ದಕ್ಕೆ ಮಾತ್ರ ಆಗಿರಲಿ.